ಎರಡು ದಿನಕ್ಕೊಮ್ಮೆ ಉಸಿರಾಡಿದ ಶಾಲೆ

ಯುದ್ಧ ಆರಂಭವಾದಾಗ ಸಿರಿಗಟ್ಟಿಯ ಸರಕಾರಿ ಪ್ರೌಢಶಾಲೆಯಲ್ಲಿ ಮೊದಲು ಮೌನವಾದದ್ದು ಗಂಟೆ. ಆಮೇಲೆ ಬೆಳಗಿನ ಸಾಮೂಹಿಕ ಪ್ರಾರ್ಥನೆ ನಿಂತಿತು. ಕೊನೆಗೆ, ಮುಖ್ಯೋಪಾಧ್ಯಾಯಿನಿಯವರ ಕೊಠಡಿಯ ಗೋಡೆಯ ಮೇಲಿದ್ದ ವೇಳಾಪಟ್ಟಿಯನ್ನು ಇಂದುಧರ ಅಬ್ಬಿಗೇರಿಯವರು ತಮ್ಮ ಕೈಯಾರೆ ಕೆಳಗಿಳಿಸಿದರು. ಅವರು ಗಣಿತದ ಶಿಕ್ಷಕರು. ಆ ಶಾಲೆಗೆ ಬಂದಂದಿನಿಂದ ವೇಳಾಪಟ್ಟಿಯ ಹೊಣೆ ಅವರದೇ. ಯಾವ ಶಿಕ್ಷಕರಿಗೂ ಸತತವಾಗಿ ಮೂರು ಅವಧಿ ಬೀಳದಂತೆ, ಯಾವ ತರಗತಿಗೂ ಊಟದ ಮುಂಚಿನ ಹಸಿದ ಹೊತ್ತಿನಲ್ಲಿ ದಿನವೂ ಗಣಿತವೇ ಬಾರದಂತೆ ಅವರು ಬಣ್ಣದ ಪೆನ್ಸಿಲುಗಳಿಂದ ಹೆಣೆಯುತ್ತಿದ್ದ ಆ ಹಾಳೆಯನ್ನು ಅಕ್ಕಪಕ್ಕದ ಶಾಲೆಗಳವರೂ ಬಂದು ನೋಡಿಕೊಂಡು ಹೋಗುತ್ತಿದ್ದರು.

ಅದನ್ನು ಇಳಿಸಬೇಕಾಗಿ ಬಂದ ಕಾರಣ ಆಕಾಶದಲ್ಲಿತ್ತು.

ಈ ಯುದ್ಧದಲ್ಲಿ ಶತ್ರುವಿನ ಹಾರುಯಂತ್ರಗಳು ಕಣ್ಣನ್ನು ನೆಚ್ಚಿಕೊಂಡಿರಲಿಲ್ಲ. ಕಣ್ಣಿಗೆ ಮಣ್ಣೆರಚುವ ಉಪಾಯಗಳು ಎರಡೂ ಕಡೆಯವರಿಗೆ ಕರಗತವಾಗಿದ್ದವು. ಬಣ್ಣ ಬಳಿದ ಬಟ್ಟೆಯ ಕೆಳಗೆ ಕಾರ್ಖಾನೆ ಅಡಗುತ್ತಿತ್ತು, ಹೊಗೆಯ ಹಿಂದೆ ಸೇತುವೆ ಮರೆಯಾಗುತ್ತಿತ್ತು. ಪುನರಾವರ್ತನೆಯನ್ನು ಅಡಗಿಸುವುದು ಮಾತ್ರ ಕಷ್ಟ. ಜನ ಎಲ್ಲಿ ಒಂದು ಆಜ್ಞೆಗೆ ಒಳಪಟ್ಟು ಬದುಕುತ್ತಾರೋ ಅಲ್ಲಿನ ನೆಲ ದಿನವೂ ಒಂದೇ ಹೊತ್ತಿಗೆ ನಡುಗುತ್ತದೆ, ಒಂದೇ ಹೊತ್ತಿಗೆ ಶಾಂತವಾಗುತ್ತದೆ. ಹಾರುಯಂತ್ರಗಳು ಕಡಲೆಕಾಳಿನ ಗಾತ್ರದ ಕಂಪನಗ್ರಾಹಕಗಳನ್ನು ಬೀಜ ಬಿತ್ತಿದಂತೆ ಚೆಲ್ಲಿ ಹೋಗುತ್ತಿದ್ದವು. ಮಣ್ಣಿನಲ್ಲಿ ಬೆರೆತ ಆ ಕಾಳುಗಳು ಹೆಜ್ಜೆಗಳ ಕಂಪನವನ್ನು ಮೇಲಕ್ಕೆ ತಿಳಿಸುತ್ತಿದ್ದವು. ಮೇಲಿರುವ ಯಂತ್ರ ಇಂದಿನ ಕಂಪನದ ಗೆರೆಯನ್ನು ನಿನ್ನೆಯದರ ಮೇಲಿಟ್ಟು, ಮೊನ್ನೆಯದರ ಮೇಲಿಟ್ಟು, ಹಿಂದೆಮುಂದೆ ಸರಿಸಿ, ಎಷ್ಟು ಹೊಂದುತ್ತದೆಂದು ಲೆಕ್ಕ ಹಾಕುತ್ತಿತ್ತು. ಸ್ವಲ್ಪವೂ ಹೊಂದದಿದ್ದರೆ ಸೊನ್ನೆ. ಪೂರ್ತಿ ಹೊಂದಿದರೆ ಒಂದು. ಈ ಸಂಖ್ಯೆಗೆ ಲಯಾಂಕವೆಂದು ಹೆಸರು. ಲಯಾಂಕ 0.6 ದಾಟಿದ ಜಾಗವನ್ನು ಯಂತ್ರವು ಸೈನಿಕ ಠಾಣ್ಯವೆಂದು ತೀರ್ಮಾನಿಸುತ್ತಿತ್ತು. ಆಮೇಲೆ ಅದು ಯಾರನ್ನೂ ಕೇಳುತ್ತಿರಲಿಲ್ಲ.

ಠಾಣ್ಯಕ್ಕೂ ಪ್ರೌಢಶಾಲೆಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ಬೆಳಿಗ್ಗೆ ಸಾಲು, ನಡುನಡುವೆ ಗಂಟೆ, ಮಧ್ಯಾಹ್ನ ಒಟ್ಟಿಗೆ ಊಟ, ಸಂಜೆ ಕವಾಯತು. ಯುದ್ಧದ ಮೊದಲ ತಿಂಗಳಲ್ಲೇ ಹೊಳೆಯಾಚೆಯ ಒಂದು ಶಾಲೆಯ ಕಟ್ಟಡ ನೆಲಸಮವಾಯಿತು. ಅಂದು ರಜೆ ಇದ್ದುದರಿಂದ ಒಳಗೆ ಯಾರೂ ಇರಲಿಲ್ಲ.

ಇದಕ್ಕೆ ಸರಕಾರ ಕೊಟ್ಟ ಮದ್ದು ಅನಿಯತ ಪೆಟ್ಟಿಗೆ. ಮದುವೆಯ ಮೆರವಣಿಗೆಗಳಲ್ಲಿ ಹೊರುತ್ತಿದ್ದ ಹಳೆಯ ಗ್ಯಾಸ್‌ಬತ್ತಿಯ ಬಲೆಯಲ್ಲಿ ಥೋರಿಯಂ ಇರುತ್ತದೆ. ಅದರ ಪರಮಾಣುಗಳು ಆಗೊಂದು ಈಗೊಂದು ತಾವಾಗಿಯೇ ಒಡೆಯುತ್ತವೆ. ಮುಂದಿನದು ಯಾವಾಗ ಒಡೆದೀತೆಂದು ಯಾವ ಗಣಿತವೂ ಹೇಳಲಾರದು. ಪೆಟ್ಟಿಗೆಯೊಳಗೆ ಅಂಥದೊಂದು ಬಲೆಯ ತುಣುಕು, ಪ್ರತಿ ಒಡೆತಕ್ಕೂ ಟಿಕ್ಕೆನ್ನುವ ಒಂದು ನಳಿಗೆ. ಎರಡು ಟಿಕ್ಕುಗಳ ನಡುವಿನ ಅಂತರದಿಂದ ನಾಳೆ ಶಾಲೆ ಯಾವಾಗ ಆರಂಭ, ಅವಧಿ ಎಷ್ಟು ಉದ್ದ, ಯಾವ ತರಗತಿಗೆ ಯಾವ ವಿಷಯ, ಊಟ ಎಷ್ಟು ಹೊತ್ತಿಗೆ ಎಂಬುದೆಲ್ಲ ನಿರ್ಧಾರವಾಗಿ ಸಂಜೆ ಒಂದು ಚೀಟಿ ಹೊರಬರುತ್ತಿತ್ತು. ಊರವರು ಅದಕ್ಕೆ ಹುಚ್ಚುಪೆಟಿಗಿ ಎಂದು ಹೆಸರಿಟ್ಟರು.

"ಏನ್ ಬರದೈತ್ರೀ ಸರ, ನಾಳಿಂದು ನಮ್ಮ ಹಣೇಬರ?" ಎಂದು ಕವಾಯತಿನ ಶಿಕ್ಷಕ ದಾವಲಸಾಬ ನದಾಫರು ಆ ಸಂಜೆಯೂ ಪೆಟ್ಟಿಗೆಯ ಮೇಲೆ ಬಗ್ಗಿದರು. ಗಂಟೆ ನಿಂತ ಮೇಲೆ ತರಗತಿಯಿಂದ ತರಗತಿಗೆ ಹೋಗಿ, ಬಾಗಿಲಲ್ಲಿ ಕೆಂಪು ಕರವಸ್ತ್ರ ಬೀಸಿ ಅವಧಿ ಮುಗಿಯಿತೆಂದು ತಿಳಿಸುವ ಕೆಲಸ ಅವರದಾಗಿತ್ತು.

ಇಂದುಧರರು ಚೀಟಿಯನ್ನು ಬೆಳಕಿಗೆ ಹಿಡಿದರು. "ಎಂಟನೇತ್ತ ಬಿ ವಿಭಾಗಕ್ಕ ಊಟಕ್ಕ ಮೊದಲ ಮೂರೂ ಅವಧಿ ಗಣಿತ. ನಿಮಗ ಬೆನ್ನಿಗೆ ಬೆನ್ನ ಎರಡು ಕವಾಯತು, ಅದೂ ಸುಡುಬಿಸಿಲಾಗ. ಮತ್ತ ನಸುಕಿನ್ಯಾಗ ಸಾಲಿ ಶುರು."

"ಇವತ್ತೂ ನಸುಕಿನ್ಯಾಗ ಇತ್ತಲ್ರೀ?"

"ಅದನ್ನ ನಾನೂ ಅನ್ನಾಕತ್ತಿದ್ದು. ದೂರದ ತಾಂಡಾದಿಂದ ನಡಕೊಂಡ ಬರೂ ಹುಡುಗ್ರು ನಿದ್ದಿ ಯಾವಾಗ ಮಾಡಬೇಕ? ಇದಕ್ಕ ಕರುಳ ಅನ್ನೂದಿಲ್ಲ ನೋಡ್ರಿ."

ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು, ಚೀಟಿಯಲ್ಲಿ ನಾಲ್ಕು ಕಡೆ ತಿದ್ದಿದರು. ನಾಳೆಯ ಆರಂಭ ಮುಂದಕ್ಕೆ ಹೋಯಿತು. ಮೂರು ಗಣಿತಗಳ ನಡುವೆ ಒಂದು ಕನ್ನಡ ಬಂತು. ನದಾಫರ ಎರಡು ಕವಾಯತುಗಳಲ್ಲಿ ಒಂದು ಸಂಜೆಗೆ ಸರಿಯಿತು. ಉಳಿದುದನ್ನು ಅವರು ಮುಟ್ಟಲಿಲ್ಲ. ಪೆಟ್ಟಿಗೆಯ ಮಾತನ್ನು ಮೀರಬಾರದೆಂಬ ಎಚ್ಚರ ಅವರಿಗಿತ್ತು. ಅಷ್ಟು ದೊಡ್ಡ ಹುಚ್ಚಿನಲ್ಲಿ ಇಷ್ಟು ಚಿಕ್ಕ ನ್ಯಾಯ ಯಾರ ಗಮನಕ್ಕೂ ಬಾರದು ಎಂದು ನಂಬಿದ್ದರು.

ಮನೆಯಲ್ಲಿ ಅವರ ಪತ್ನಿ ಸುವರ್ಣಾ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಬಡಿದು, ಅಂಗಡಿಗಳಿಗೆ ಕಳಿಸುತ್ತಿದ್ದರು. ಯುದ್ಧದ ಮೊದಮೊದಲು ರೊಟ್ಟಿ ಬಡಿಯುವುದಕ್ಕೂ ಅವರು ಹೆದರಿದ್ದರು. ಬಡಿತದ ಲಯವಲ್ಲ, ದಿನದಿನದ ಲಯ ಅಪಾಯವೆಂದು ಇಂದುಧರರು ತಿಳಿಸಿಹೇಳಿದ ಮೇಲೆ ಒಲೆಗಳು ಮತ್ತೆ ಹೊತ್ತಿದವು. ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ, ಮನಸ್ಸು ಬಂದಾಗ.

"ಸಾಲ್ಯಾಗ ಎಲ್ಲಾರಿಗೂ ಸರಿಪಾಲ ಹಂಚಾವ್ರು, ಮನ್ಯಾಗ ಮಾತ್ರ ನನಗೊಬ್ಬಾಕಿಗೇ ಭಾಂಡಿ ತಿಕ್ಕೂ ಪಾಳಿ" ಎಂದರು ಸುವರ್ಣಾ, ತವೆಯಿಂದ ಕಣ್ಣು ತೆಗೆಯದೆ.

"ಆ ಪೆಟಿಗಿ ಮನಿಗೂ ಒಂದು ತರಲೇನು? ಅದ ಪಾಳಿ ಹಚ್ಚತೈತಿ."

"ಬ್ಯಾಡ್ರೀ ಮಾರಾಯ್ರ. ಅದರ ಪಾಳಿನೂ ನೀವ ತಿದ್ದಿ ನನಗ ಹಚ್ಚತೀರಿ!"

ರೊಟ್ಟಿ ಬಡಿಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಇಂದುಧರರೂ ನಕ್ಕರು.

ಅದಾದ ವಾರದಲ್ಲೇ ಜಿಲ್ಲಾ ನಿಯಂತ್ರಣ ಕೇಂದ್ರದಿಂದ ಕರೆ ಬಂತು. ಮುಖ್ಯೋಪಾಧ್ಯಾಯಿನಿ ನೀಲಾಂಬಿಕಾ ಸೊರಟೂರ ಅವರೂ ಇಂದುಧರರೂ ಬಸ್ಸು ಹಿಡಿದು ಹೊರಟರು. ಕೇಂದ್ರವಿದ್ದದ್ದು ಹತ್ತಿಯ ಹಳೆಯ ಗೋದಾಮಿನಲ್ಲಿ. ಶತ್ರುವಿನ ಯಂತ್ರ ಮಾಡುವ ಲೆಕ್ಕವನ್ನೇ ಇಲ್ಲಿಯೂ, ನೆಲದಿಂದ ಆರಿಸಿ ತಂದ ಅದರದೇ ಕಾಳುಗಳಿಂದ, ಮಾಡುತ್ತಿದ್ದರು. ಯಾವ ಶಾಲೆ, ಯಾವ ಗಿರಣಿ ಅದಕ್ಕೆ ಹೇಗೆ ಕಾಣುತ್ತಿದೆ ಎಂದು ಅದಕ್ಕಿಂತ ಮುಂಚೆ ತಿಳಿದುಕೊಳ್ಳುವುದು ಉದ್ದೇಶ. ಗೋಡೆಯಗಲದ ಪರದೆಯ ಮೇಲೆ ಜಿಲ್ಲೆಯ ನಕ್ಷೆ. ಬಹುಪಾಲು ಚುಕ್ಕೆಗಳು ಬೂದುಬಣ್ಣದವು. ಸಿರಿಗಟ್ಟಿಯ ಚುಕ್ಕೆ ಕಿತ್ತಳೆಗೆ ತಿರುಗಿತ್ತು.

"0.47" ಎಂದರು ಅಲ್ಲಿನ ವಿಜ್ಞಾನಿ ರೇಣುಕಾ ತಳವಾರ. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಮಾತು ಮೃದು, ಸುದ್ದಿ ಕಠಿಣ. "ತಿಂಗಳ ಕೊನೀಗೆ ಪರಿಶೀಲನಾ ಐತ್ರಿ ಮೇಡಂ. ಅವತ್ತ 0.4ರ ಕೆಳಗ ಇಳೀದಿದ್ರ ಸಾಲಿ ಮುಚ್ಚಾಕ ಆದೇಶ ಕೊಡಬೇಕಾಗತೈತಿ. ನಡುವ 0.5 ಮುಟ್ಟಿದ್ರ ಅವತ್ತ ಮುಚ್ಚೂದು. ಅದರಾಗ ನನ್ನ ಕೈಯಾಗ ಏನೂ ಇಲ್ಲ."

"ನಾವು ಪೆಟಿಗಿ ಹೇಳಿದಂಗ ನಡಕೊಂಡೀವಲ್ಲವಾ" ಎಂದರು ನೀಲಾಂಬಿಕಾ. "ಗಂಟಿ ಇಲ್ಲ, ಸೀಟಿ ಇಲ್ಲ, ಪ್ರಾರ್ಥನಾ ಇಲ್ಲ."

ರೇಣುಕಾ ಪರದೆಯ ಮೇಲೆ ಒಂದು ವಕ್ರರೇಖೆಯನ್ನು ತೆರೆದರು. ಅಡ್ಡರೇಖೆಯ ಮೇಲೆ ದಿನಗಳ ಅಂತರ; ಲಂಬರೇಖೆಯ ಮೇಲೆ ಹೊಂದಾಣಿಕೆ. ಒಂದು ದಿನದ ಅಂತರದಲ್ಲಿ ಗೆರೆ ಕೆಳಗಿತ್ತು. ಎರಡು ದಿನಕ್ಕೆ ಏರಿತ್ತು. ಮೂರಕ್ಕೆ ಇಳಿದು, ನಾಲ್ಕಕ್ಕೆ ಮತ್ತೆ ಏರಿತ್ತು.

"ನಿಮ್ಮ ಸಾಲಿ ಎರಡು ದಿನಕ್ಕೊಮ್ಮೆ ಉಸರ ಆಡಾಕತ್ತೈತ್ರಿ. ಒಂದಿನ ಜಗ್ಗತೈತಿ, ಒಂದಿನ ಬಿಡತೈತಿ. ಪೆಟಿಗಿಯಿಂದ ಇಂಥಾದ್ದು ಬರೂದು ಸಾಧ್ಯ ಇಲ್ಲ."

ಇಂದುಧರರು ಆ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿದರು. ಇವತ್ತು ನಸುಕಾದರೆ ನಾಳೆ ತಡ. ಇವತ್ತು ಉದ್ದವಾದರೆ ನಾಳೆ ಗಿಡ್ಡ. ಅವರ ಪೆನ್ಸಿಲಿನ ಗುರುತು ಅಲ್ಲಿ ಬೆಟ್ಟ ಕಣಿವೆಗಳಾಗಿ ನಿಂತಿತ್ತು.

"ಅದು ಪೆಟಿಗೀದಲ್ಲ. ನಂದು" ಎಂದರು. "ನಾ ಚೀಟಿ ತಿದ್ದತಿದ್ನಿ. ಯಾರಿಗೂ ಅನ್ಯಾಯ ಆಗಬಾರದಂತ."

ನೀಲಾಂಬಿಕಾ ತಟ್ಟನೆ ಅವರತ್ತ ತಿರುಗಿದರು. ರೇಣುಕಾ ಮಾತ್ರ ಆಶ್ಚರ್ಯಪಡಲಿಲ್ಲ. "ಅನಿಯತ ಅಂದ್ರ ಸರಿಪಾಲ ಅಲ್ಲರಿ ಸರ. ನಿಜವಾದ ಅನಿಯತಿಯೊಳಗ ಗಂಟು ಬೀಳತಾವ. ಒಬ್ಬಂಗ ಮೂರು ಸಲ ಬರತೈತಿ, ಇನ್ನೊಬ್ಬಂಗ ಬರೂದ ಇಲ್ಲ. ಗಂಟು ಬಿಡಿಸಿ ಸಾಪು ಮಾಡಿದ್ರ ಅದ ಲಯ. ನೀವು ಹತ್ತನೇತ್ತಕ್ಕ ಸಂಭವನೀಯತೆ ಕಲಸತೀರಲ್ಲ?"

"ಕಲಸತೀನಿ" ಎಂದರು ಇಂದುಧರರು.

ವಾಪಸು ಬರುವ ಬಸ್ಸಿನಲ್ಲಿ ನೀಲಾಂಬಿಕಾ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತರು. ಆಮೇಲೆ, ತಮಗೇ ಹೇಳಿಕೊಂಡಂತೆ ಹೇಳಿದರು: "ಸಾಲಿ ಮುಚ್ಚಿದ್ರ ಗಂಡುಹುಡುಗ್ರು ಎಲ್ಲೋ ಒಂದು ಕಡೆ ಪರೀಕ್ಷೆ ಬರೀತಾರ. ಆದ್ರ ಹತ್ತನೇತ್ತದ ಹುಡುಗ್ಯಾರನ್ನ ಸೇತುವಿ ಮುರದ ಹೊಳಿ ದಾಟಿಸಿ ತಾಲೂಕಿಗೆ ಯಾರು ಕಳಸತಾರ? ಯುದ್ಧ ಮುಗಿಯೂದ್ರಾಗ ಅರ್ಧಕ್ಕರ್ಧ ಹುಡುಗ್ಯಾರ ಲಗ್ನ ಆಗಿರತೈತಿ. ಒಮ್ಮೆ ಬಾಗಲಾ ಹಾಕಿದ್ರ ಅವ್ರು ಮತ್ತ ಒಳಗ ಬರಾಂಗಿಲ್ಲ."

"ನನ್ನಿಂದ ಆತು ಮೇಡಂ."

"ಹೌದು, ನಿಮ್ಮಿಂದ ಆತು. ಬೈಬೇಕಂದ್ರ ನನಗ ಸಿಟ್ಟ ಬರವಲ್ದು. ಅದಕ್ಕ ಸುಮ್ನ ಕುಂತೀನಿ."

ಅಂದಿನಿಂದ ಪೆನ್ಸಿಲು ಮೇಜಿನ ಖಾನೆ ಸೇರಿತು. ಚೀಟಿ ಹೇಗೆ ಬಂತೋ ಹಾಗೆಯೇ ಗೋಡೆಗೆ ಹತ್ತಿತು. ಎಂಟನೆಯ ತರಗತಿಯ ಬಿ ವಿಭಾಗ ಮೂರು ಗಣಿತಗಳನ್ನು ಒಂದರ ಮೇಲೊಂದು ನುಂಗಿತು. ಇಷ್ಟಾದರೂ ಲಯಾಂಕ ಕೂದಲೆಳೆಯಷ್ಟೇ ಇಳಿಯಿತು. ಇಂದುಧರರು ಕೇಂದ್ರದಿಂದ ಬಂದ ಹೊಸ ಗೆರೆಯನ್ನು ಹಿಡಿದುಕೊಂಡು ನೀಲಾಂಬಿಕಾ ಅವರ ಕೊಠಡಿಗೆ ಹೋದರು. ಉಬ್ಬು ಇನ್ನೂ ಎರಡನೆಯ ದಿನಕ್ಕೇ ಇತ್ತು. ಅದು ತಾವು ತಿದ್ದದ ದಿನಗಳದಷ್ಟೇ ಗೆರೆ. ಎಂದರೆ ತಿದ್ದುವ ಕೈ ಇನ್ನೂ ಎಲ್ಲೋ ಇದೆ.

ನೀಲಾಂಬಿಕಾ ಎಲ್ಲ ಸಿಬ್ಬಂದಿಯನ್ನು ಕೂಡಿಸಿದರು. ಇಂದುಧರರು ಎದ್ದುನಿಂತು, ತಾವು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ವಿವರಿಸಿ, ಕೇಳಿದರು: "ನನ್ನಂಗ ಯಾರರ ಏನರ ಮಾಡಾಕತ್ತೀರೇನು? ತಪ್ಪ ಹಿಡಿಯಾಕಲ್ಲ ಕೇಳೂದು."

ಮೊದಲು ಎದ್ದವರು ನದಾಫರು.

"ಬಿಸಿಲಾಗ ಕವಾಯತು ಬಂದ್ರ ನಾ ಹುಡುಗ್ರನ್ನ ಬೇವಿನ ಗಿಡದ ಕೆಳಗ ಕುಂಡ್ರಸ್ತೀನ್ರಿ. ಮರುದಿನ ತಂಪಿನ್ಯಾಗ ಅದನ್ನೂ ಕೂಡಿಸಿ ಓಡಸ್ತೀನಿ. ಲೆಕ್ಕಾ ಬರಾಬರಿ ಆಗ್ಲೆಂತ."

"ನಸುಕಿನ್ಯಾಗ ಬಂದ ದಿನ ಹುಡುಗ್ರ ಹೊಟ್ಟಿ ಹಸದಿರತಾವಲ್ರಿ" ಎಂದರು ಬಿಸಿಯೂಟದ ಅಡುಗೆಯ ಗೌರವ್ವ. "ಅವತ್ತಷ್ಟ ಚೀಟಿಕಿಂತ ಮುಂಚೆ ಬಡಿಸಿಬಿಡತೀನಿ. ಮಗ್ಗಲದಾಗ ನಿಂತು ಮಾರಿ ನೋಡತಾವ್ರಿ, ಏನ್ ಮಾಡ್ಲಿ?"

ವಿಜ್ಞಾನದ ಶಿಕ್ಷಕಿ ಶಕುಂತಲಾ ಬಾಳಿಕಾಯಿ, ಉದ್ದನೆಯ ಅವಧಿ ಸಿಕ್ಕ ದಿನದ ಮರುದಿನ ತಾವು ಮಕ್ಕಳನ್ನು ಬೇಗ ಬಿಡುವುದಾಗಿ ಹೇಳಿದರು. ಎಲ್ಲರೂ ಮುಖ್ಯೋಪಾಧ್ಯಾಯಿನಿಯವರತ್ತ ನೋಡಿದರು. ನೀಲಾಂಬಿಕಾ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ನನ್ನ ಮಾರಿ ಏನ್ ನೋಡತೀರಿ? ದಣದ ದಿನದ ಮರುದಿನ ಇಡೀ ಸಾಲಿನ ಲಗೂ ಬಿಡಾಕಿ ನಾನ. ಬಸ್ಸಿನ್ಯಾಗ ಅಬ್ಬಿಗೇರಿ ಸರಗ ಇದನ್ನ ಹೇಳಾಕ ನಾಚಿಕಿ ಬಂತು."

ಇಂದುಧರರಿಗೆ ಆಗ ಪೂರ್ತಿ ಅರ್ಥವಾಯಿತು. ಯಾರೂ ಯಾರೊಡನೆಯೂ ಮಾತಾಡಿಕೊಂಡಿರಲಿಲ್ಲ. ಆದರೆ ದಣಿದ ಮಕ್ಕಳು ಎಲ್ಲರ ಕಣ್ಣಿಗೂ ಒಂದೇ ದಿನ ಬೀಳುತ್ತಿದ್ದರು. ಹಾಗಾಗಿ ಎಲ್ಲರ ಕನಿಕರವೂ ಅದೇ ದಿನಕ್ಕೋ ಅದರ ಮರುದಿನಕ್ಕೋ ಬೀಳುತ್ತಿತ್ತು. ಬೇರೆಬೇರೆ ಕೈಗಳಿಂದ ಹೊರಟ ಸಣ್ಣಸಣ್ಣ ದಯೆಗಳು ಒಂದರ ಮೇಲೊಂದು ಕೂಡಿ ಆ ಉಬ್ಬಾಗಿದ್ದವು. ಆಕಾಶದ ಯಂತ್ರ ಸೈನ್ಯದ ಶಿಸ್ತನ್ನು ಹುಡುಕುತ್ತಿತ್ತು. ಅದಕ್ಕೆ ಸಿಕ್ಕದ್ದು ಒಂದು ಶಾಲೆಯ ಕರುಳು. ಇಂಥವರ ನಡುವೆ ಇಷ್ಟು ವರ್ಷ ಪಾಠ ಹೇಳಿದೆನಲ್ಲ ಎಂದು ಅವರಿಗೆ, ಆ ಸಂಕಟದಲ್ಲೂ, ಎದೆ ತುಂಬಿಬಂತು.

ಎದೆ ತುಂಬಿದರೆ ಲಯಾಂಕ ಇಳಿಯದು. ದಯೆಯನ್ನು ನಿಲ್ಲಿಸುವುದಾಗಿ ಎಲ್ಲರೂ ಒಪ್ಪಿದರು. ಗೌರವ್ವ ಮಾತ್ರ "ನಿಲ್ಲಸ್ತೀನ್ರಿ, ಆದ್ರ ಹುಡುಗ್ರ ಮಾರಿ ನೋಡಾಂಗಿಲ್ಲ" ಎಂದರು. ಆದರೆ ಹಿಂದಿನ ವಾರಗಳ ಕಂಪನ ಯಂತ್ರದ ಲೆಕ್ಕದಲ್ಲಿ ಉಳಿದೇ ಇತ್ತು. ಅದು ತಾನಾಗಿ ಮಸುಕಾಗುವಷ್ಟರಲ್ಲಿ ತಿಂಗಳು ಮುಗಿಯುತ್ತಿತ್ತು. ಇಂದುಧರರು ರೇಣುಕಾ ಅವರಿಗೆ ಫೋನು ಮಾಡಿದರು.

"ಉಸರು ಜಗ್ಗೂ ದಿನ ಬಿಟ್ಟು, ಬಿಡೂ ದಿನ ಜಗ್ಗಿದ್ರ?"

"ಉಲ್ಟಾ ಮಾಡಿದ್ರೂ ಲಯಾನರಿ ಸರ. ಯಂತ್ರಕ್ಕ ಉಬ್ಬೂ ಒಂದ, ತಗ್ಗೂ ಒಂದ. ನಿಮ್ಮ ಸಾಲಿ ಸಪ್ಪಳಾನ ಮುಳುಗಿಸೂವಷ್ಟು ಬ್ಯಾರೆ ಸಪ್ಪಳ ಬೇಕು, ಯಾರೂ ಗೊತ್ತುಮಾಡಿರದ ಸಪ್ಪಳ. ಭಾಳ ಮಂದಿ ಕಾಲು ಬೇಕು."

ಮರುದಿನ ನೀಲಾಂಬಿಕಾ ಊರಿನ ಪಾಲಕರನ್ನು ಕರೆದು ಎಲ್ಲವನ್ನೂ ಹೇಳಿದರು. ತಪ್ಪು ಯಾರದು, ಸಂಖ್ಯೆ ಎಷ್ಟು, ಅಪಾಯ ಎಷ್ಟು ದೂರದಲ್ಲಿದೆ, ಯಾವುದನ್ನೂ ಮರೆಮಾಡಲಿಲ್ಲ. ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುವವರನ್ನು ತಾವು ಆಕ್ಷೇಪಿಸುವುದಿಲ್ಲ ಎಂದರು. ಕಳಿಸುವವರಿದ್ದರೆ ಅವರ ಕಾಲುಗಳನ್ನೂ ಸ್ವಲ್ಪ ದಿನ ಕಡ ಕೊಡಬೇಕೆಂದು ಕೇಳಿದರು. ಜನ ಮುಖಮುಖ ನೋಡಿಕೊಂಡರು. ಸುವರ್ಣಾ ತಮ್ಮ ರೊಟ್ಟಿಯ ಹೆಂಗಸರೊಂದಿಗೆ ಹಿಂದಿನ ಸಾಲಿನಲ್ಲಿದ್ದರು.

"ನಮ್ಮ ಯಜಮಾನ್ರು ಕೆಡಿಸ್ಯಾರ, ನಾ ತಿದ್ದತೀನಿ" ಎಂದು ಅವರು ಎದ್ದರು. "ರೊಟ್ಟಿ ಕೇಂದ್ರದಾವ್ರೆಲ್ಲಾ ಬರ್ತೀವ್ರಿ ಮೇಡಂ. ಕುಂತು ಕುಂತು ಮೊಣಕಾಲು ಹಿಡದಾವ, ಅಡ್ಡಾಡಿದ್ರ ಸಡಲ ಆಗತಾವ."

ಆ ಮಾತಿಗೆ ಎದ್ದ ನಗೆಯಲ್ಲೇ ಒಂದೊಂದಾಗಿ ಓಣಿಗಳು ಒಪ್ಪಿಕೊಂಡವು.

ದೀಪ ಬಾಡಿಗೆಗೆ ಕೊಡುವ ಅಂಗಡಿಯವರು ಹಳೆಯ ಗ್ಯಾಸ್‌ಬತ್ತಿಗಳ ಬಲೆಗಳನ್ನೆಲ್ಲ ಹುಡುಕಿ ಕೊಟ್ಟರು. ಶಕುಂತಲಾ ಅವರು ಕೇಂದ್ರದಿಂದ ನಳಿಗೆಗಳನ್ನು ತಂದು, ಪ್ರಯೋಗಾಲಯದಲ್ಲಿ ಕುಳಿತು, ಓಣಿಗೊಂದು ಪೆಟ್ಟಿಗೆ ಕಟ್ಟಿದರು. ಕಟ್ಟೆಯ ಮೇಲಿಟ್ಟ ಪೆಟ್ಟಿಗೆಯ ದೀಪ ಹೊತ್ತಿದಾಗ ಆ ಓಣಿಯಲ್ಲಿ ಯಾರು ಖಾಲಿ ಇದ್ದಾರೋ ಅವರು ಶಾಲೆಯ ಬಯಲಿಗೆ ಬಂದು, ದೀಪ ಆರುವವರೆಗೆ ಅಡ್ಡಾಡಬೇಕು. ಅಷ್ಟೇ ನಿಯಮ.

ಆದರೆ ಜನ ಬಯಲಿಗೆ ಬಂದ ಕೂಡಲೇ ಸಾಲು ಕಟ್ಟಿದರು. ಗಂಡಸರದೊಂದು ಸಾಲು, ಹೆಂಗಸರದೊಂದು. ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವಂತೆ ಬಲಗಡೆಯಿಂದ ಸುತ್ತತೊಡಗಿದರು. ನಾಲ್ಕನೆಯ ಸುತ್ತಿಗೆ ಎಲ್ಲರ ಹೆಜ್ಜೆಯೂ ಒಂದಾಗಿ, ನೆಲ ಧಿಂ ಧಿಂ ಎನ್ನತೊಡಗಿತು. ನದಾಫರು ತಲೆಯ ಮೇಲೆ ಕೈಹೊತ್ತು ಓಡಿಬಂದರು.

"ಹೆಜ್ಜಿ ತಪ್ಪಸ್ರಿ! ಮುಂದಿನವ್ರ ಕಾಲು ನೋಡಬ್ಯಾಡ್ರಿ! ಈರಪ್ಪಾರ, ನೀವು ಅತ್ತಾಗ ಹೋಗ್ರಿ, ಇಲ್ಲಾ ನಿಂತ ಬಿಡ್ರಿ, ಏನರ ಮಾಡ್ರಿ!"

"ಸಣ್ಣಾಂವ ಇದ್ದಾಗ ಹೆಜ್ಜಿ ತಪ್ಪಿದ್ರ ಬೆತ್ತದಲೆ ಹೊಡದಾವ್ರು ನೀವ ಅಲ್ರೀ ಮಾಸ್ತರ?" ಎಂದರು ಈರಪ್ಪ. ಅವರೀಗ ಎರಡು ಮಕ್ಕಳ ತಂದೆ.

"ಹೊಡದೇನೊ ಮಾರಾಯಾ. ಅದನ್ನ ಮರತಬಿಡು ಅಂತ ಈಗ ಕೈ ಮುಗೀತೀನಿ!"

ಬದುಕಿಡೀ ಎಡ-ಬಲ ಎಂದು ಕೂಗಿದ ನದಾಫರು ಇಡೀ ಊರಿಗೆ ಹೆಜ್ಜೆ ಮರೆಸುವ ಕವಾಯತು ಕಲಿಸಿದರು. ಒಬ್ಬರಿಗೆ ಎಮ್ಮೆಯಂತೆ ನಡೆಯಿರೆಂದರು, ಇನ್ನೊಬ್ಬರಿಗೆ ಕಾಲಲ್ಲಿ ಮುಳ್ಳು ಚುಚ್ಚಿದೆ ಎಂದುಕೊಳ್ಳಿರೆಂದರು. ಬಯಲು ಸಂತೆಯಂತಾಯಿತು. ತರಗತಿಗಳ ಕಿಟಕಿಗಳಲ್ಲಿ ಮಕ್ಕಳ ತಲೆಗಳು ತುಂಬಿಕೊಂಡವು. ತಮ್ಮ ಅಪ್ಪ ಅವ್ವಂದಿರು ಮಾಸ್ತರರ ಕೈಯಲ್ಲಿ ಬೈಸಿಕೊಳ್ಳುವುದನ್ನು ಅವು ಮೊದಲ ಸಲ ನೋಡುತ್ತಿದ್ದವು.

ಎಲ್ಲರಿಗಿಂತ ಕಷ್ಟವಾದದ್ದು ಇಂದುಧರರಿಗೆ. ಪೆಟ್ಟಿಗೆಗಳಿಗೆ ಕರುಣೆ ಇರಲಿಲ್ಲ. ಕುಂಬಾರ ಓಣಿಯ ದೀಪ ಹಗಲೆಲ್ಲ ತಣ್ಣಗಿದ್ದರೆ, ನೇಕಾರ ಓಣಿಯದು ಒಂದೇ ಮಧ್ಯಾಹ್ನ ಮೂರನೆಯ ಸಲ ಹೊತ್ತಿಕೊಂಡಿತು. ಮಗ್ಗ ಬಿಟ್ಟು ಬಂದವರು ಬೆವರೊರೆಸಿಕೊಳ್ಳುತ್ತ ಮತ್ತೆ ಬಯಲಿಗಿಳಿದರು. ಅವರಲ್ಲಿ ಅರವತ್ತು ದಾಟಿದ ಪಾರವ್ವ ಹುಯಿಲಗೋಳರೂ ಇದ್ದರು. ಬಾಯಲ್ಲಿನ ಎಲೆಯಡಿಕೆ ಇನ್ನೂ ಹಾಗೆಯೇ ಇತ್ತು.

"ಏನ್ರೀ ಸರ, ಈ ಪೆಟಿಗಿ ನಮ್ಮ ಓಣಿ ಮ್ಯಾಲ ಮನಸ ಮಾಡೈತೇನ್ರಿ?"

ಇಂದುಧರರ ಬೆರಳುಗಳು ತಾವಾಗಿಯೇ ಕಿವಿಯ ಕಡೆ ಹೋದವು. ಅಲ್ಲಿ ಪೆನ್ಸಿಲಿರಲಿಲ್ಲ. ಒಂದು ತಂತಿ ಕಿತ್ತರೆ ಸಾಕು, ಈ ಮುದುಕಿ ಮನೆಗೆ ಹೋಗಿ ಕಾಲುಚಾಚಿ ಕುಳಿತುಕೊಳ್ಳಬಹುದು. ನಾಳೆ ಕುಂಬಾರ ಓಣಿಯವರು ಬರಬಹುದು. ಅದೇ ನ್ಯಾಯ. ಅದೇ ಉಬ್ಬು. ಅವರು ಚಪ್ಪಲಿ ಬಿಟ್ಟು, ಬಯಲಿಗಿಳಿದು, ಪಾರವ್ವನವರ ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ಹೊಂದದಂತೆ ನಡೆಯತೊಡಗಿದರು.

ಆಗ ಮೇಲೆ ಸದ್ದು ಕೇಳಿಸಿತು. ಜೇನ್ನೊಣದ ಗುಂಯ್‌ಗುಡುವಿಕೆಯಂಥ ತೆಳುವಾದ ಸದ್ದು. ಬಯಲಿನಲ್ಲಿದ್ದವರೆಲ್ಲರ ಕತ್ತು ಒಟ್ಟಿಗೆ ಮೇಲೆದ್ದಿತು. ನೀಲಾಕಾಶದಲ್ಲಿ ಬೂದುಬಣ್ಣದ ಚುಕ್ಕೆಯೊಂದು ಶಾಲೆಯ ಸುತ್ತ ದೊಡ್ಡ ವರ್ತುಲ ಹಾಕುತ್ತಿತ್ತು. ಎಲ್ಲರೂ ಒಟ್ಟಿಗೆ ಓಡಿದರೆ ಅದು ಆಜ್ಞೆಯಂತೆ ಕೇಳಿಸುತ್ತದೆ. ಎಲ್ಲರೂ ಒಟ್ಟಿಗೆ ನಿಂತರೂ ಹಾಗೆಯೇ.

ಒಳಗೆ ಹತ್ತನೆಯ ತರಗತಿಯ ಹುಡುಗಿಯರು ಪುನರಾವಲೋಕನಕ್ಕೆ ಕುಳಿತಿದ್ದರು. ನೀಲಾಂಬಿಕಾ ಅವರ ಸ್ವರ ಕಿಟಕಿಯಿಂದ ಒಂದಿಷ್ಟೂ ಏರದೆ ಇಳಿಯದೆ ಬರುತ್ತಿತ್ತು: "ಬರೀರಿ ಬರೀರಿ. ಮ್ಯಾಲ ನೋಡಿದ್ರ ಉತ್ತರ ಸಿಗಾಂಗಿಲ್ಲ."

"ಯಾರೂ ನಿಲ್ಲಬ್ಯಾಡ್ರಿ" ಎಂದರು ಇಂದುಧರರು, ನಡೆಯುತ್ತಲೇ. "ಹೆಂಗ ಅಡ್ಡಾಡಾಕತ್ತಿದ್ರಿ, ಹಂಗ ಅಡ್ಡಾಡ್ರಿ."

"ಕಾಲು ಬರವಲ್ಲವ್ರಿ ಸರ" ಎಂದ ಒಬ್ಬ ಹರೆಯದವನು.

"ಬರದಿದ್ರ ಕುಂದ್ರೊ!" ಎಂದರು ಪಾರವ್ವ. "ಒಬ್ಬಾಂವ ಕುಂದ್ರು, ಒಬ್ಬಾಂವ ನಡಿ. ಅವ್ರು ಹೇಳೂದೂ ಅದ ಅಲ್ಲೇನು?" ಎಂದವರೇ ಅಲ್ಲೇ ನಿಂತು ಪಿಚಕ್ಕನೆ ಎಲೆಯ ರಸ ಉಗುಳಿ, ಸೆರಗು ಕೊಡವಿ, ಮತ್ತೆ ನಡೆದರು. ಯಾರೋ ಕಿಸಕ್ಕನೆ ನಕ್ಕರು. ನಕ್ಕವರು ಒಂದು ಕಡೆ ಹೋದರು, ಹೆದರಿದವರು ಇನ್ನೊಂದು ಕಡೆ. ಒಬ್ಬಾತ ಕುಳಿತು ಬೀಡಿ ಹುಡುಕಿದ. ಚುಕ್ಕೆ ಮತ್ತೊಂದು ಸುತ್ತು ಬಂತು. ಆಮೇಲೆ ಅದರ ವರ್ತುಲ ಬಿಚ್ಚಿ ನೇರಗೆರೆಯಾಯಿತು. ಸದ್ದು ಹೊಳೆಯ ಕಡೆಗೆ ಸರಿದು, ಗಾಳಿಯಲ್ಲಿ ಕರಗಿತು.

ಬಯಲಿನಲ್ಲಿ ಆಮೇಲೂ ಯಾರೂ ನಿಲ್ಲಲಿಲ್ಲ. ದೀಪ ಇನ್ನೂ ಆರಿರಲಿಲ್ಲ.

ತಿಂಗಳ ಕೊನೆಯ ದಿನ ರೇಣುಕಾ ಅವರೇ ಫೋನು ಮಾಡಿದರು. "0.31. ನಿಮ್ಮ ಚುಕ್ಕಿ ಬೂದ ಆತ್ರಿ ಸರ. ಅವತ್ತ ಮ್ಯಾಲ ಬಂದ ಯಂತ್ರಕ್ಕ ನಿಮ್ಮ ಸಾಲಿ ಸಂತಿಯಂಗ ಕಂಡಿರಬೇಕು."

ಹತ್ತನೆಯ ತರಗತಿಯ ಪರೀಕ್ಷೆ ಅದೇ ಕಟ್ಟಡದಲ್ಲಿ ನಡೆಯಿತು. ಪ್ರತಿ ದಿನವೂ ಬೇರೆ ಹೊತ್ತಿಗೆ, ಹೊರಗೆ ಯಾವುದೋ ಒಂದು ಓಣಿಯವರು ಅಡ್ಡಾಡುತ್ತಿರುವಾಗ. ಹುಡುಗಿಯರಲ್ಲಿ ಒಬ್ಬಳೂ ತಪ್ಪಿಸಲಿಲ್ಲ. ಕೊನೆಯ ಪತ್ರಿಕೆ ಮುಗಿದು ಅವರು ಗೇಟು ದಾಟುವುದನ್ನು ನೀಲಾಂಬಿಕಾ ಜಗುಲಿಯಲ್ಲಿ ನಿಂತು ನೋಡಿದರು. ಆಮೇಲೆ ಸಿಬ್ಬಂದಿಯತ್ತ ತಿರುಗಿದರು: "ಊರಿಗೆ ಕೃತಜ್ಞತಾ ಹೇಳಬೇಕಲ್ರಿ. ಹೆಂಗ?"

ಸಭೆಯಾಗಲಿ ಸನ್ಮಾನವಾಗಲಿ ಕೂಡದೆಂದು ಕೇಂದ್ರದ ಕಟ್ಟಪ್ಪಣೆಯಿತ್ತು. ಓಣಿಯ ಈ ತುದಿಯಿಂದ ಆ ತುದಿಗೆ ಕ್ರಮವಾಗಿ ಮನೆಮನೆಗೆ ಹೋಗುವಂತೆಯೂ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಮನೆಗಳಿಗೆಲ್ಲ ಸಂಖ್ಯೆ ಕೊಟ್ಟು ಪೆಟ್ಟಿಗೆಗೆ ಒಪ್ಪಿಸಿದರು. ಅದು ಯಾವ ಮನೆಯ ಹೆಸರು ಹೇಳುತ್ತದೋ ಆ ಮನೆಗೆ, ಆ ಹೊತ್ತಿಗೆ, ಯಾರಾದರೊಬ್ಬ ಶಿಕ್ಷಕರು ಹೋಗಿ ಕೈಮುಗಿದು ಬರುವುದೆಂದಾಯಿತು.

ಹಾಗೆ ಇಂದುಧರರು ಒಂದು ಸಂಜೆ ಪಾರವ್ವ ಹುಯಿಲಗೋಳರ ಮನೆಯ ಮುಂದೆ ನಿಂತರು. ಮಗ್ಗದ ಸದ್ದು ನಿಂತಿತು.

"ಮತ್ತ ಬಂದ್ರೇನ್ರಿ!" ಎಂದರು ಪಾರವ್ವ. "ಮೊನ್ನೆ ನದಾಫ ಮಾಸ್ತರು ಬಂದಿದ್ರು. ನಿನ್ನೆ ನೀಲಾಂಬಿಕಾ ಬಾಯಾರು ಬಂದಿದ್ರು. ಎದರಮನಿ ನಿಂಗವ್ವನೂ ನನ್ನಷ್ಟ ಅಡ್ಡಾಡ್ಯಾಳ, ಅಕೀ ಮನಿಗೆ ಒಬ್ಬರೂ ಹೋಗವಲ್ರಿ. ದಿನಾ ಬಾಗಲಾಗ ನಿಂತು ನೋಡತಾಳ ಪಾಪ."

"ಪೆಟಿಗಿ ಅಕೀ ಹೆಸರು ಇನ್ನೂ ತಗದಿಲ್ಲವ್ವಾ. ಅದನ್ನ ತಿದ್ದಾಕ ನನಗ ಬರಾಂಗಿಲ್ಲ."

"ಹೆಸರು ತಗೀದಿದ್ರ?"

ಇಂದುಧರರು ಎದುರುಮನೆಯ ಬಾಗಿಲತ್ತ ನೋಡಿದರು. ಹಾಗೂ ಆಗಬಹುದೆಂದು ಅವರಿಗೆ ಗೊತ್ತಿತ್ತು.

ಪಾರವ್ವ ಕೈಗಂಟಿದ ನೂಲು ಒರೆಸಿಕೊಂಡು ಹೊಸ್ತಿಲು ದಾಟಿ ಬಂದರು. "ಹಂಗಾರ ನನಗ ಎರಡು ಸಲ ಕೈ ಮುಗೀರಿ. ಒಂದು ನಂದು. ಇನ್ನೊಂದು ನಾ ಒಯ್ದು ಕೊಡತೀನಿ. ನನ್ನ ಕಾಲಿಗೆ ನಿಮ್ಮ ಪೆಟಿಗಿ ಯಾಕ ಬೇಕ?"

ಇಂದುಧರರು ಒಮ್ಮೆ ಕೈಮುಗಿದರು. ಪಾರವ್ವ ತಲೆಯಾಡಿಸಿದರು. ಇಂದುಧರರು ಎರಡನೆಯ ಸಲ, ಮೊದಲಿಗಿಂತ ಹೆಚ್ಚು ಬಾಗಿ, ಕೈಮುಗಿದರು. ಮುದುಕಿ ಅದನ್ನು ಬೊಗಸೆಯೊಡ್ಡಿ ಇಸಿದುಕೊಂಡು, ಚೆಲ್ಲೀತೆಂಬಂತೆ ಬೆರಳುಗಳನ್ನು ಒತ್ತಾಗಿ ಕೂಡಿಸಿಕೊಂಡು, ಓಣಿ ದಾಟತೊಡಗಿದರು. ಎದುರುಮನೆಯ ನಿಂಗವ್ವ ಆಗಲೇ ಬಾಗಿಲು ಬಿಟ್ಟು ಅರ್ಧ ದಾರಿಗೆ ಬಂದಿದ್ದರು, ತಮ್ಮೆರಡೂ ಕೈ ಮುಂದೆ ಚಾಚಿ.